ತಿದ್ದುವವನ ಧರ್ಮ

ಇನ್ನೊಬ್ಬರು ಬರೆದ ವಾಕ್ಯವನ್ನು ತಿದ್ದುವ ಅಧಿಕಾರ ನಮಗೆ ಎಲ್ಲಿಂದ ಬಂತು? ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಲೆಕ್ಕವಿಲ್ಲದಷ್ಟು ಕೆಂಪು ಪೆನ್ನುಗಳನ್ನು ಸವೆಸಿ, ಈಗ ಮನೆಯಲ್ಲಿ ಕುಳಿತು ಈ ಪ್ರಶ್ನೆ ಕೇಳುವುದು, ಊಟ ಮುಗಿಸಿ ಕೈ ತೊಳೆದ ಮೇಲೆ ಇದು ಯಾರ ಮನೆಯೆಂದು ವಿಚಾರಿಸಿದಂತೆ ಕಂಡೀತು. ಆದರೆ ಕೆಲವು ಪ್ರಶ್ನೆಗಳು ಕೆಲಸದಲ್ಲಿರುವಾಗ ಹೊಳೆಯುವುದಿಲ್ಲ. ಮುಂದೆ ಅರವತ್ತು ನೋಟುಬುಕ್ಕುಗಳ ರಾಶಿಯಿದ್ದು, ಗಂಟೆ ಬಾರಿಸಲು ಹತ್ತೇ ನಿಮಿಷ ಉಳಿದಿರುವಾಗ ಧರ್ಮಾಧರ್ಮದ ಜಿಜ್ಞಾಸೆಗೆ ಯಾರಿಗೆ ಪುರಸತ್ತು?

ನಮ್ಮ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮಿತ್ರರೊಬ್ಬರು ಇದನ್ನು ಪ್ರಶ್ನೆಯೆಂದೇ ಒಪ್ಪುತ್ತಿರಲಿಲ್ಲ. "ಏಳೆಂಟಲ ಐವತ್ತನಾಲ್ಕು ಎಂದು ಹುಡುಗ ಬರೆದರೆ ನಾನು ಹೊಡೆದುಹಾಕುತ್ತೇನೆ. ಅದರಲ್ಲಿ ಪಾಪವೇನು, ಪುಣ್ಯವೇನು? ನಿಮ್ಮ ಕನ್ನಡಕ್ಕೆ ಮಾತ್ರ ಏನು ಕೊಂಬು?" ಎನ್ನುತ್ತಿದ್ದರು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ನಾನೂ ಅವರಂತೆಯೇ ಹೊಡೆದುಹಾಕುತ್ತಿದ್ದೆ.

ಒಂದು ವರ್ಷ ಒಂಬತ್ತನೆಯ ತರಗತಿಗೆ ಕಥೆಯ ಅಂಗಗಳನ್ನು ಕಲಿಸಬೇಕಾಗಿ ಬಂತು. ವಸ್ತು, ಪಾತ್ರ, ಸನ್ನಿವೇಶ, ಸಂಭಾಷಣೆ, ನಿರೂಪಣೆ ಎಂದು ಐದನ್ನು ಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಲಕ್ಷಣ ಹೇಳಿ, ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಕಥೆಯಾಗಿ ಬರೆದು ತನ್ನಿ ಎಂದೆ. ಮಂಡ್ಯದ ಕಡೆಯ ಹಳ್ಳಿಯಿಂದ ಬಂದಿದ್ದ ಹುಡುಗನೊಬ್ಬ ಹಸು ಮಾರಿದ ದಿನದ ಕಥೆ ಬರೆದುಕೊಟ್ಟ. ಒಂದೂವರೆ ಪುಟ. ದಲ್ಲಾಳಿ ಬರುತ್ತಾನೆ, ದುಡ್ಡು ಎಣಿಸಿ ಕೊಡುತ್ತಾನೆ, ಹಸುವನ್ನು ಹೊಡೆದುಕೊಂಡು ಹೋಗುತ್ತಾನೆ. ಹುಣಿಸೆಮರದಿಂದ "ಅಕ್ಕಿಗಳು ಹಾರಿಹೋದವು" ಎಂದು ಹುಡುಗ ಬರೆದಿದ್ದ, ನಾನು ನಕ್ಕೆ. ಸಂಜೆ ಮೊಮ್ಮಗ ಶಾಲೆಯಿಂದ ಬಂದಾಗ ಅಜ್ಜಿ ಹೇಳುತ್ತಾಳೆ: "ಕೊಟ್ಗೆ ಖಾಲಿ ಆಗದೆ ಕಣ್ಲಾ ಮಗ." ಆಮೇಲೆ ಅವಳು ಮಾತಾಡಲಿಲ್ಲ ಎಂಬಲ್ಲಿಗೆ ಕಥೆ ಮುಗಿದಿತ್ತು.

ನಾನು ಮಲೆನಾಡಿನವನು. ಹೇಳದೆ, ಕೇಳದೆ, ನೋಡದೆ ಎಂಬಂತೆ ಆಗದೆ ಎಂಬುದೂ ನಿಷೇಧರೂಪವೆಂದೇ ನನ್ನ ಕಣ್ಣಿಗೆ ಕಂಡಿತು. ಖಾಲಿ ಆಗದೆ ಏನಾಯಿತು? ಕ್ರಿಯಾಪದವೆಲ್ಲಿ? "ವಾಕ್ಯ ಅಪೂರ್ಣ" ಎಂದು ಬದಿಯಲ್ಲಿ ಬರೆದು, ಅದನ್ನು ಪೂರ್ಣಗೊಳಿಸುವ ಪುಣ್ಯಕಾರ್ಯವನ್ನೂ ನಾನೇ ಮಾಡಿದೆ: "ಕೊಟ್ಟಿಗೆಯು ಎಂದೂ ಖಾಲಿಯಾಗದೆ ಇರಲಿ, ಮಗು." ಕಥೆಯ ಕೊನೆ ಸಪ್ಪೆಯೆನಿಸಿದ್ದರಿಂದ "ಅಜ್ಜಿಗೆ ಅತೀವ ದುಃಖವಾಯಿತು" ಎಂದೊಂದು ವಾಕ್ಯವನ್ನು ಸೇರಿಸಿ, ಶಾಲೆಯ ಕೈಬರಹದ ಪತ್ರಿಕೆಗೆ ಇದರ ಶುದ್ಧ ಪ್ರತಿ ಮಾಡಿಕೊಡೆಂದು ಹೇಳಿದೆ. ಹುಡುಗ ದುಂಡಗಿನ ಅಕ್ಷರಗಳಲ್ಲಿ ಪ್ರತಿ ಮಾಡಿ ತಂದ. ಕೆಳಗೆ ಹೆಸರಿರಲಿಲ್ಲ. ಹೆಸರೇಕೆ ಹಾಕಲಿಲ್ಲವೆಂದು ಕೇಳಿದರೆ, "ನೀವು ಬರ್ದಿರೋದಲ್ವಾ ಸಾರ್?" ಎಂದ. ಅದರಲ್ಲಿ ಕುಹಕವಿರಲಿಲ್ಲ. ಕಂಡದ್ದನ್ನು ಹೇಳಿದ, ಅಷ್ಟೆ. ಅವನ ಹೆಸರನ್ನು ನಾನೇ ಬರೆದೆ.

ಕೆಲವು ವರ್ಷಗಳಾದ ಮೇಲೆ ಮಂಡ್ಯದ ಬಸ್ಸು ನಿಲ್ದಾಣದಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಒಬ್ಬಾಕೆ ತನ್ನ ಮಗಳನ್ನು, "ಏನಾಗದೆ ನಿಂಗೆ?" ಎಂದು ಗದರಿಸಿದಳು. ಏನಾಗಿದೆ ನಿನಗೆ ಎಂದು ಅರ್ಥ. ನನ್ನ ಎದೆ ಧಸಕ್ಕೆಂದಿತು. ಆಗದೆ ಎಂದರೆ ಆಗಿದೆ! ಕೊಟ್ಟಿಗೆ ಖಾಲಿಯಾಗಿದೆ ಎಂದು ಅಜ್ಜಿ ಹೇಳಿದ್ದಳು. ಅವಳ ವಾಕ್ಯ ಪೂರ್ಣವಾಗಿತ್ತು. ಅಪೂರ್ಣವಾಗಿದ್ದದ್ದು ನನ್ನ ತಿಳಿವಳಿಕೆ. ಅವಳ ಅಳಲನ್ನು ನಾನು ಆಶೀರ್ವಾದವಾಗಿ ತಿದ್ದಿದ್ದೆ. ಅವಳು ಮೌನವಾಗಿದ್ದ ಕಡೆ ನಾನು ಮಾತಾಡಿದ್ದೆ. ಅದರ ಕೆಳಗೆ ಮೊಮ್ಮಗನ ಹೆಸರನ್ನು ನನ್ನ ಕೈಯಿಂದ ಬರೆದಿದ್ದೆ. ಒಬ್ಬನು ಹೇಳದ ಮಾತಿನ ಕೆಳಗೆ ಅವನ ಹೆಸರು ಹಾಕುವುದಕ್ಕೆ ಕೋರ್ಟು ಕಚೇರಿಗಳಲ್ಲಿ ಬೇರೆ ಹೆಸರಿದೆ. ಶಾಲೆಯಲ್ಲಿ ಅದನ್ನು ಪಾಠವೆಂದು ಕರೆಯುತ್ತೇವೆ.

ಇಷ್ಟು ಹೇಳಿದ ಮೇಲೆ, ಹಾಗಾದರೆ ತಿದ್ದುವುದೇ ಬೇಡ, ಮಕ್ಕಳು ಬರೆದದ್ದೆಲ್ಲ ಸರಿ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಹಾಗೆ ಹೇಳುವ ಉದಾರಿಗಳು ಈಗ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಈ ಔದಾರ್ಯದ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ನೋಡಬೇಕು. ಮನೆಯಲ್ಲಿ ಪುಸ್ತಕದ ಕನ್ನಡವೇ ಕಿವಿಗೆ ಬಿದ್ದು ಬೆಳೆದ ಮಗುವಿಗೆ ಮೇಷ್ಟರು ತಿದ್ದದಿದ್ದರೂ ನಡೆಯುತ್ತದೆ; ಅಪ್ಪ ಅಮ್ಮ ತಿದ್ದುತ್ತಾರೆ. ಆ ಭಾಗ್ಯವಿಲ್ಲದ ಮಗುವಿಗೆ ಶಾಲೆಯ ಹೊರತು ಇನ್ನೆಲ್ಲಿ ಗತಿ? ಇಂದು ನಾವು ಪ್ರೀತಿಯಿಂದ ಬಿಟ್ಟ ತಪ್ಪನ್ನು ನಾಳೆ ಪರೀಕ್ಷಕನೋ ಕಚೇರಿಯ ಅಧಿಕಾರಿಯೋ ಪ್ರೀತಿಯಿಲ್ಲದೆ ಹಿಡಿಯುತ್ತಾನೆ. ಮಗುವನ್ನು ನೀರಿಗಿಳಿಸಿ, ನಿನ್ನ ಇಷ್ಟದಂತೆ ಈಜು ಎಂದು ದಡದಲ್ಲಿ ನಿಲ್ಲುವುದು ಸ್ವಾತಂತ್ರ್ಯ ಕೊಟ್ಟಂತಾಗಲಿಲ್ಲ.

ಅಲ್ಲದೆ ವಾಕ್ಯದ ತಪ್ಪು ಕೇವಲ ಶೃಂಗಾರದ ಲೋಪವಲ್ಲ. "ಗೋಪಾಲ ಬಸ್ಸಿನಿಂದ ಇಳಿಯುವಾಗ ತನ್ನ ಚೀಲ ತೆಗೆದುಕೊಂಡ" ಎಂಬ ವಾಕ್ಯವನ್ನು ನೋಡಿ. ಗೋಪಾಲ ಸಂಭಾವಿತ. "ತನ್ನ" ಎಂಬುದನ್ನು ತೆಗೆದು "ಅವನ" ಎಂದು ಹಾಕಿ. ಈಗ ಆ ಚೀಲ ಯಾರದು? ಪಕ್ಕದವನದಾದರೆ ಗೋಪಾಲ ಕಳ್ಳ. ಬಾಯಿಮಾತಿನಲ್ಲಿ ನಾವು ಎರಡಕ್ಕೂ "ಅವನ" ಎಂದುಬಿಡುತ್ತೇವೆ. ಎದುರಿಗಿರುವವನು ಸಂದೇಹ ಬಂದರೆ ಕೇಳುತ್ತಾನೆ. ಓದುಗನು ಕೇಳಲಾರ. ಆದ್ದರಿಂದ ಒಂದು ಸರ್ವನಾಮದಲ್ಲಿ ಒಬ್ಬ ಮನುಷ್ಯನ ಮಾನ ಅಡಗಿರುತ್ತದೆಂದು ಹುಡುಗರಿಗೆ ಕಲಿಸುವುದು ವ್ಯಾಕರಣವೂ ಹೌದು, ನೀತಿಯೂ ಹೌದು.

ಕಥಾಸಂವಿಧಾನವೆಂದು ನಾವು ದೊಡ್ಡ ಹೆಸರಿನಿಂದ ಕರೆಯುವುದೂ ಹೀಗೆಯೇ ಸಣ್ಣ ಪ್ರತ್ಯಯಗಳಲ್ಲಿ ಅಡಗಿದೆ. "ಮಳೆ ಬಂದದ್ದರಿಂದ ಅಪ್ಪ ತಡವಾಗಿ ಬಂದ" ಎಂದರೆ ವಿಷಯ ಮುಗಿಯಿತು. "ಮಳೆ ನಿಂತು ಬಹಳ ಹೊತ್ತಾಗಿದ್ದರೂ ಅಪ್ಪ ಬಂದಿರಲಿಲ್ಲ" ಎಂದೊಡನೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ, ದೀಪದ ಬತ್ತಿ ಏರಿಸಿದ್ದಾರೆ, ಕಥೆ ಹೊರಟಿತು. ಘಟನೆಗಳನ್ನು ಒಂದಾದ ಮೇಲೊಂದು ಹೇಳುವುದಕ್ಕೂ ಕಾರಣದ ದಾರದಲ್ಲಿ ಪೋಣಿಸುವುದಕ್ಕೂ ಇರುವ ಅಂತರವನ್ನು ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ವಿವರಿಸಿದ. ನಮ್ಮ "ಇಂದ", "ಊ"ಗಳು ಆ ಕೆಲಸವನ್ನು ದಿನವೂ ಸದ್ದಿಲ್ಲದೆ ಮಾಡುತ್ತಿವೆ. ನಾನು ಸೋಮವಾರ ಕಥೆಯ ಅಂಗಗಳನ್ನೂ ಗುರುವಾರ ವಾಕ್ಯಶುದ್ಧಿಯನ್ನೂ ಕಲಿಸುತ್ತಿದ್ದೆ, ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ. ನನ್ನ ಮೊದಲ ತಪ್ಪು ಅಲ್ಲಿತ್ತು.

ಹಾಗಾದರೆ ತಪ್ಪು ಯಾವುದು, ಬರಿಯ ಭೇದ ಯಾವುದು? ಈ ತೊಡಕು ಹೊಸದಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಗ್ರಂಥವಾದ, 9ನೆಯ ಶತಮಾನದ ಕವಿರಾಜಮಾರ್ಗ ಕಾವ್ಯದ ದೋಷಗಳನ್ನೂ ಗುಣಗಳನ್ನೂ ವಿಂಗಡಿಸಲು ಹೊರಟ ಕೃತಿ. ಅಂಥ ಕೃತಿಯೇ, ನಾಡಿನ ದೇಸಿ ಸೀಮೆಯಿಂದ ಸೀಮೆಗೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ನಿಷ್ಕರ್ಷಿಸಹೊರಟರೆ ವಾಸುಕಿಗೂ ಸಾಕಾದೀತು ಎಂದು ಒಪ್ಪಿಕೊಳ್ಳುತ್ತದೆ. ಅಳತೆಗೋಲು ಹಿಡಿದವನೇ ಅಳತೆಯ ಮಿತಿಯನ್ನು ಹೇಳಿದ ಈ ವಿನಯ ಸಾವಿರದ ನೂರು ವರ್ಷಗಳ ಮೇಲೂ ನಮ್ಮ ಸ್ಟಾಫ್ ರೂಮುಗಳಿಗೆ ತಲುಪಲಿಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸೂತ್ರ ಹೇಳಿದವನು, ಸೂತ್ರದ ಜತೆಗೆ ಹಿಂದಿನ ಕವಿಗಳ ಪ್ರಯೋಗವನ್ನೂ ತೋರಿಸುತ್ತಾನೆ. ಮೊದಲು ಆಡಿದವರು, ಬರೆದವರು, ಆಮೇಲೆ ಸೂತ್ರ.

ನಮ್ಮ ಕಾಲದಲ್ಲಿಯೇ ನೋಡಿ. ಶ್ರೀನಿವಾಸ ಎಂಬ ಹೆಸರಿನಿಂದ ಬರೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ "ಕೆಲವು ಸಣ್ಣ ಕತೆಗಳು" 1920ರಲ್ಲಿ ಬಂದಾಗ, ಜಗಲಿಯ ಮೇಲೆ ಕುಳಿತು ಮಾತಾಡುವವರ ಧಾಟಿ ಅಚ್ಚಿನಲ್ಲಿ ಗೌರವ ಪಡೆಯಿತು. ದೇವನೂರ ಮಹಾದೇವರ "ಕುಸುಮಬಾಲೆ" ಇನ್ನೂ ಮುಂದೆ ಹೋಗಿ, ಪಾತ್ರಗಳ ಮಾತನ್ನಷ್ಟೇ ಅಲ್ಲ, ಕಥೆ ಹೇಳುವವನ ಮಾತನ್ನೂ ತನ್ನ ಸೀಮೆಯ ನುಡಿಯಲ್ಲಿ ಕಟ್ಟಿತು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆ ಹಸ್ತಪ್ರತಿ ಒಂಬತ್ತನೆಯ ತರಗತಿಯ ನೋಟುಬುಕ್ಕಿನಲ್ಲಿ ನನ್ನ ಮೇಜಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಎಲ್ಲ ವಿದ್ಯಾರ್ಥಿಗಳೂ ಮಹಾದೇವರಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಎಲ್ಲ ಅಜ್ಜಿಯರೂ ಪುಸ್ತಕದಂತೆ ಮಾತಾಡುವುದಿಲ್ಲವೆಂಬುದೂ ಅಷ್ಟೇ ನಿಜ. ಇಲ್ಲಿಯೇ ನನಗೆ ಒಂದು ದಾರಿ ಕಾಣುತ್ತದೆ. ಕಥೆಯ ಅಂಗಗಳಲ್ಲಿ ಮೊದಲು ಕಲಿಸಬೇಕಾದದ್ದು ವಸ್ತುವಲ್ಲ, ಪಾತ್ರವೂ ಅಲ್ಲ, "ಈ ವಾಕ್ಯವನ್ನು ಯಾರು ಹೇಳುತ್ತಿದ್ದಾರೆ?" ಎಂಬ ಪ್ರಶ್ನೆ. ಅದು ತಿಳಿಯದೆ ಶುದ್ಧ ಅಶುದ್ಧಗಳ ನಿರ್ಣಯ ಸಾಧ್ಯವಿಲ್ಲ. ಅಜ್ಜಿಯ ಮಾತಿಗೆ ಅಜ್ಜಿಯೇ ಪ್ರಮಾಣ. ಕಥೆ ಹೇಳುವವನು ಯಾವ ಕನ್ನಡವನ್ನು ಆರಿಸಿಕೊಂಡಿದ್ದಾನೋ ಅದಕ್ಕೆ ಅವನು ಬದ್ಧ. ನಮ್ಮ ಹುಡುಗ ನಿರೂಪಣೆಯನ್ನು ಪುಸ್ತಕದ ಕನ್ನಡದಲ್ಲಿ ಬರೆಯಲು ಹೊರಟಿದ್ದ. ಅಲ್ಲಿ ಹಕ್ಕಿ ಅಕ್ಕಿಯಾದರೆ ಅದು ತಪ್ಪು, ಏಕೆಂದರೆ ಅವನು ಕಂಡ ಹಕ್ಕಿ ಓದುಗನಿಗೆ ಕಾಣಲಿಲ್ಲ. ಅಜ್ಜಿಯ ಬಾಯಲ್ಲಿ ಅದೇ ಅಕ್ಕಿ ಹಾರಿದ್ದರೆ ಅದನ್ನು ಮುಟ್ಟುವ ಹಕ್ಕು ನನಗಿರಲಿಲ್ಲ. ಗಣಿತದ ಮಿತ್ರರಿಗೆ ಕೊಡಬೇಕಾಗಿದ್ದ ಉತ್ತರವೂ ಇದೇ. ಏಳೆಂಟಲ ಐವತ್ತಾರು ಯಾರು ಹೇಳಿದರೂ ಐವತ್ತಾರೇ. ವಾಕ್ಯ ಹಾಗಲ್ಲ, ಅದಕ್ಕೆ ಒಬ್ಬ ಒಡೆಯನಿರುತ್ತಾನೆ.

ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರಿಗೆ ಒಂದು ಹಳೆಯ ಕಟ್ಟಳೆಯುಂಟು. ಮೊದಲು ಮೂಲಪ್ರತಿಯೊಡನೆ ಹೋಲಿಸಬೇಕು. ಅಚ್ಚಿನಲ್ಲಿ ನುಸುಳಿದ ತಪ್ಪನ್ನು ತಿದ್ದಬೇಕು. ಲೇಖಕನ ಮಾತೇ ಸಂದೇಹಕ್ಕೆ ಎಡೆಕೊಟ್ಟರೆ ತಾನಾಗಿ ಬದಲಿಸದೆ, ಬದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಲೇಖಕನಿಗೆ ಕಳಿಸಬೇಕು. ಹೆಸರಾಂತ ಲೇಖಕರಿಗೆ ಸಲ್ಲುವ ಈ ಮರ್ಯಾದೆಯನ್ನು ಹದಿನಾಲ್ಕು ವರ್ಷದ ಹುಡುಗನಿಗೆ ಸಲ್ಲಿಸಲು ನಮಗೇಕೆ ಸಂಕೋಚ? ಅವನ ಮೂಲಪ್ರತಿ ಅವನ ಮನಸ್ಸಿನಲ್ಲಿದೆ. "ಇಲ್ಲಿ ನೀನು ಏನು ಹೇಳಬೇಕೆಂದಿದ್ದೆ?" ಎಂದು ಕೇಳದೆ ಅದನ್ನು ನೋಡುವ ಬಗೆಯಿಲ್ಲ. ಅರವತ್ತು ನೋಟುಬುಕ್ಕುಗಳಿರುವಾಗ ಕೇಳಲು ಹೊತ್ತೆಲ್ಲಿ ಎಂಬ ಮಾತೂ ಸುಳ್ಳಲ್ಲ. ಆದರೆ ಹೊತ್ತಿಲ್ಲದಿದ್ದರೆ ಕಡಮೆ ತಿದ್ದಬೇಕು. ಕೇಳದೆ ಹೆಚ್ಚು ತಿದ್ದಬಾರದು.

ಈಚೆಗೆ ಈ ಪ್ರಶ್ನೆ ಮೇಷ್ಟರ ಕೈಯಿಂದಲೂ ಜಾರುತ್ತಿದೆ. ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಬರೆಯುವಾಗ ಯಂತ್ರವೇ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಕೆಲವೊಮ್ಮೆ ನಮ್ಮನ್ನು ಕೇಳದೆಯೇ ಬೇರೆ ಪದ ಕೂರಿಸುತ್ತದೆ. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಹಕ್ಕಿ ಅಕ್ಕಿಗಳ ವಿಷಯದಲ್ಲಿ ಅದು ನನಗಿಂತ ದಣಿವಿಲ್ಲದ ಮೇಷ್ಟರು. ಆದರೆ ತನಗೆ ಅಪರಿಚಿತವಾದದ್ದನ್ನು ತಪ್ಪೆಂದು ಭಾವಿಸುವ ನನ್ನ ಹಳೆಯ ಚಾಳಿ ಅದಕ್ಕೂ ಅಂಟಿದೆ. ಆದ್ದರಿಂದ ಮಕ್ಕಳಿಗೆ ಈಗ ತಿದ್ದುವುದನ್ನು ಕಲಿಸಿದಷ್ಟೇ, ತಿದ್ದುಪಡಿಯನ್ನು ಕಾರಣ ಹೇಳಿ ನಿರಾಕರಿಸುವುದನ್ನೂ ಕಲಿಸಬೇಕಾಗಿದೆ. "ಇಲ್ಲ ಸಾರ್, ನಮ್ಮಜ್ಜಿ ಹಾಗೇ ಅಂದದ್ದು" ಎಂದು ಆ ಹುಡುಗ ಅಂದು ಹೇಳಿದ್ದರೆ ನಾನು ಉಳಿಯುತ್ತಿದ್ದೆ. ಹಾಗೆ ಹೇಳಬಹುದೆಂದು ಅವನಿಗೆ ನಾನು ಕಲಿಸಿರಲಿಲ್ಲ.

ಆ ಒಂದೂವರೆ ಪುಟ ಇಂದು ನನ್ನ ಕೈಗೆ ಬಂದರೆ ಏನು ಮಾಡುತ್ತಿದ್ದೆನೆಂದು ಆಗಾಗ ಯೋಚಿಸುತ್ತೇನೆ. ಹುಣಿಸೆಮರದ ಅಕ್ಕಿಗಳನ್ನು ಖಂಡಿತವಾಗಿ ಹಕ್ಕಿಗಳೆಂದು ತಿದ್ದುತ್ತಿದ್ದೆ. ಅದನ್ನು ಬಿಟ್ಟರೆ ಹುಡುಗನಿಗೆ ದ್ರೋಹ. ಕೊನೆಗೆ ಏನನ್ನೂ ಸೇರಿಸುತ್ತಿರಲಿಲ್ಲ. ಅಜ್ಜಿಯ ಮಾತಿನ ಎದುರಿಗೆ ಮಾತ್ರ ಬದಿಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆಯುತ್ತಿದ್ದೆ: "ಇದು ನನಗೆ ಅರ್ಥವಾಗಲಿಲ್ಲ. ನಾಳೆ ಬಂದು ಹೇಳಿಕೊಡು."