ಪ್ರಹ್ಲಾದರಾಜರ ಮರುನುಡಿ



ವೈಶಾಖ ಶುದ್ಧ ಚತುರ್ದಶಿಯಂದು ಶ್ರೀನೃಸಿಂಹಜಯಂತಿಯ ಸಾಯಂಕಾಲ ಕಂಬವನ್ನು ಸೀಳಿ ಬಂದ ಸ್ವಾಮಿಯ ಕಥೆಯನ್ನು ನಾವೆಲ್ಲರೂ ಭಕ್ತಿಯಿಂದ ಕೇಳುತ್ತೇವೆ. ಆದರೆ ಅದಕ್ಕೆ ಮುಂಚಿನ ಪ್ರಸಂಗವನ್ನು ಅವಸರದಿಂದ ದಾಟಿಬಿಡುತ್ತೇವೆ. ತನ್ನ ನಂಬಿಕೆಯನ್ನು ತಂದೆಯೇ ತಿರಸ್ಕರಿಸಿದಾಗ ಐದು ವರ್ಷದ ಬಾಲಕನು ಹೇಗೆ ನಡೆದುಕೊಂಡನು?

ಬೀದರಿನಲ್ಲಿ ನಮಾಜು ಮಾಡುವವರು, ಗುರುನಾನಕ ಝೀರಾಕ್ಕೆ ಹೋಗುವವರು, ಭಾಲ್ಕಿಯಲ್ಲಿ ಇಷ್ಟಲಿಂಗವನ್ನು ಪೂಜಿಸುವವರು, ಔರಾದದಲ್ಲಿ ಅಭಂಗ ಹಾಡುವವರು ನಮ್ಮ ನೆರೆಹೊರೆ. ಅವರೊಡನೆ ಹೊಂದಿ ಬಾಳುವುದು ನಮ್ಮ ಹಿರಿಯರಿಗೆ ತಿಳಿದಿತ್ತು. ಮನೆಯೊಳಗಿನ ನಿರಾಕರಣೆಯೇ ಕಠಿಣವಾದದ್ದು. ಹೈದರಾಬಾದಿನಲ್ಲಿಯೋ ಪುಣೆಯಲ್ಲಿಯೋ ಕೆಲಸ ಹಿಡಿದ ಮಗನು ಏಕಾದಶಿ ಅರ್ಥವಿಲ್ಲದ್ದೆನ್ನುತ್ತಾನೆ. ಸೊಸೆಯು ತಪ್ತಮುದ್ರೆಯನ್ನು ಕಂಡು ಹೌಹಾರುತ್ತಾಳೆ. ಆಗ ಕೆಲವರು ಮಾತನಾಡದೆ ತಮ್ಮ ಆಚಾರವನ್ನೇ ಸಡಿಲಿಸುತ್ತಾರೆ. ಕೆಲವರು ಪ್ರಮಾಣವಾಕ್ಯಗಳನ್ನು ಕಲ್ಲಿನಂತೆ ಬೀರುತ್ತಾರೆ. ಪ್ರಹ್ಲಾದರಾಜರು ಎರಡನ್ನೂ ಮಾಡಲಿಲ್ಲ.

ಶ್ರೀಮದ್ಭಾಗವತದ ಸಪ್ತಮಸ್ಕಂಧವನ್ನು ಸಾವಧಾನವಾಗಿ ನೋಡಿರಿ. ಶಂಡಾಮರ್ಕರ ಪಾಠ ಅವರ ಮನಸ್ಸಿಗೆ ಒಪ್ಪಲಿಲ್ಲ. ಆದರೂ ಕೇಳಿದರು, ಒಪ್ಪಿಸಿದರು. ತಂದೆಯು ತೊಡೆಯ ಮೇಲೆ ಕೂಡಿಸಿಕೊಂಡು, ನಿನಗೆ ಯಾವುದು ಒಳ್ಳೆಯದೆನಿಸುತ್ತದೆ ಎಂದು ಕೇಳಿದ ಮೇಲೆಯೇ ತಮ್ಮ ಮಾತನ್ನು ಹೇಳಿದರು. ಹೇಳುವಾಗ ಏನನ್ನೂ ಮುಚ್ಚಲಿಲ್ಲ. ಆ ಉತ್ತರದಲ್ಲಿಯೂ ತಂದೆಯನ್ನು ಸಂಬೋಧಿಸಿದ್ದು ಅಸುರಶ್ರೇಷ್ಠನೆಂದೇ. ಸಹಪಾಠಿಗಳಿಗೆ ತತ್ತ್ವೋಪದೇಶ ಮಾಡಿದ್ದು ಅವರೇ ಆಟಕ್ಕೆ ಕರೆದಾಗ, ಬಿಡುವಿನ ವೇಳೆಯಲ್ಲಿ. ಆನೆ, ಸರ್ಪ, ವಿಷ, ಅಗ್ನಿ ಎಲ್ಲವೂ ಮುಗಿದ ಮೇಲೆ, ಯಾರ ಬಲದಿಂದ ಎದುರಾಡುತ್ತೀಯೆ ಎಂದು ಹಿರಣ್ಯಕಶಿಪು ಗರ್ಜಿಸಿದನು. ನನಗೆ ಬಲವಾಗಿರುವವನೇ ನಿನಗೂ ಬಲ ಎಂಬ ಅರ್ಥದ ಉತ್ತರ ಬಂದಿತು.

ಇಲ್ಲಿಯೇ ವಿಷಯದ ಜೀವಾಳವಿದೆ. ಶ್ರೀಹರಿಯು ಕಂಬದಲ್ಲಿದ್ದಾನೆಂದು ನಂಬುವವನು, ನಿಂದಿಸುವವನ ಹೃದಯದಲ್ಲಿ ಅವನಿಲ್ಲವೆಂದು ಹೇಗೆ ಹೇಳಿಯಾನು? ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವಜೀವಕ್ಕೂ ಸ್ವಭಾವ ಬೇರೆ, ಯೋಗ್ಯತೆ ಬೇರೆ. ಎಲ್ಲರೊಳಗೂ ಬಿಂಬರೂಪಿ ಪರಮಾತ್ಮನೊಬ್ಬನೇ ಪ್ರೇರಕ. ಎದುರಿನವರ ಯೋಗ್ಯತೆಯನ್ನು ಅಳೆಯುವ ಅಧಿಕಾರ ನಮಗೆಲ್ಲಿಯದು?

ಇದನ್ನು ಎಲ್ಲವೂ ಒಂದೇ ಎಂಬ ಸುಲಭದ ಮಾತಿಗೆ ಒಯ್ಯಬಾರದು. ಪಂಚಭೇದವನ್ನು ಸತ್ಯವೆನ್ನುವವರಿಗೆ ಅದು ಸಲ್ಲದು. ಪ್ರಹ್ಲಾದರು ತಂದೆಯ ಮೆಚ್ಚುಗೆಗಾಗಿ ಒಂದಕ್ಷರವನ್ನೂ ಬಿಟ್ಟುಕೊಡಲಿಲ್ಲ. ದ್ವೇಷವನ್ನು ಮಾತ್ರ ಹತ್ತಿರ ಬರಗೊಡಲಿಲ್ಲ. ಅವರನ್ನು ಕೊಲ್ಲಲು ಕೃತ್ಯೆಯನ್ನು ಬಿಟ್ಟ ಪುರೋಹಿತರು ಅದೇ ಕೃತ್ಯೆಯಿಂದ ಬಿದ್ದಾಗ, ಅವರು ಬದುಕಲೆಂದು ಪ್ರಾರ್ಥಿಸಿದ್ದನ್ನು ವಿಷ್ಣುಪುರಾಣ ಹೇಳುತ್ತದೆ. ವರವನ್ನು ಬೇಡಿಕೋ ಎಂದು ಸ್ವಾಮಿಯೇ ಹೇಳಿದಾಗ ಕೇಳಿಕೊಂಡದ್ದು ತಂದೆಯು ಪಾವನನಾಗಲೆಂದು.

ಬೀದರಿನ ಝರಣಿ ನರಸಿಂಹನಲ್ಲಿಗೆ, ಕತ್ತಲೆಯ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದುಹೋದವರು ಅನೇಕರಿದ್ದೀರಿ. ಸ್ಥಳಪುರಾಣದಂತೆ ಆ ನೀರು ಸ್ವಾಮಿಯಿಂದ ಹತನಾದ ಝರಾಸುರನೇ. ಅವನ ಹೆಸರು ಇಂದಿಗೂ ಸ್ವಾಮಿಯ ಹೆಸರಿಗಿಂತ ಮೊದಲು ಉಚ್ಚಾರವಾಗುತ್ತದೆ!

ರಾಯಚೂರು ಜಿಲ್ಲೆಯ ಮಾನ್ವಿಯ ಪ್ರಸಂಗವೂ ಇಲ್ಲಿ ಸ್ಮರಣೀಯ. 18ನೆಯ ಶತಮಾನದಲ್ಲಿ ಶ್ರೀವಿಜಯದಾಸರು ಅಲ್ಲಿಯ ಪಂಡಿತ ಶ್ರೀನಿವಾಸಾಚಾರ್ಯರನ್ನು ಭೋಜನಕ್ಕೆ ಆಹ್ವಾನಿಸಿದರು. ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿ ಪಂಡಿತರಿಗೆ ಬೇಡವಾಯಿತು. ಹೊಟ್ಟೆನೋವಿನ ನೆಪ ಹೇಳಿದರು. ಮುಂದೆ ನಿಜವಾಗಿಯೇ ಉದರವ್ಯಾಧಿ ಹತ್ತಿ, ಮಂತ್ರಾಲಯದ ಸೇವೆಯ ತರುವಾಯ ಅದೇ ದಾಸರ ಬಳಿ ಬಂದರು. ದಾಸರು ಬಾಗಿಲು ಮುಚ್ಚಲಿಲ್ಲ. ಶಿಷ್ಯರಾದ ಗೋಪಾಲದಾಸರ ಬಳಿಗೆ ಕಳುಹಿಸಿದರು. ಅವರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ದಾಸಪರಂಪರೆಯಲ್ಲಿ ಪ್ರಸಿದ್ಧಿ. ಆ ಶ್ರೀನಿವಾಸಾಚಾರ್ಯರೇ ಕನ್ನಡದ ಹರಿಕಥಾಮೃತಸಾರವನ್ನು ರಚಿಸಿದ ಶ್ರೀಜಗನ್ನಾಥದಾಸರು.

ಮಾನ್ವಿಯಲ್ಲಿ ಮನಸ್ಸು ತಿರುಗಿತು. ಹಿರಣ್ಯಕಶಿಪುವಿನದು ಕಡೆಯವರೆಗೂ ತಿರುಗಲಿಲ್ಲ. ನಮ್ಮ ಮನೆಯದು ಹೇಗಾಗುವುದೋ ಶ್ರೀಹರಿಯೇ ಬಲ್ಲ. ನಿರಾಹಾರವನ್ನು ನಾವು ಬಿಡದಿರೋಣ. ದ್ವಾದಶಿಯ ಬೆಳಗ್ಗೆ ಪಾರಣೆಗೆ ಎಲೆ ಹಾಕುವಾಗ, ಏಕಾದಶಿಯನ್ನು ಮಾಡದ ಮಗನ ಎಲೆಯನ್ನೂ ಪಂಕ್ತಿಯಲ್ಲಿ ಹಾಕಿ, ಹೆಸರು ಹಿಡಿದು ಕರೆಯಿರಿ.

ಶ್ರೀಕೃಷ್ಣಾರ್ಪಣಮಸ್ತು.