ಮೊಳಕೆಗೆ ಬೇಲಿ ಕಟ್ಟಿದವರು



ಬೆಟ್ಟ ಹತ್ತಿ ಬಂದವರಲ್ಲಿ ಬಹಳ ಮಂದಿಯ ಬೇಡಿಕೆ ಒಂದೇ. "ಸ್ವಾಮಿ, ನನ್ನ ಮಗುವಿಗೆ ಬುದ್ಧಿ ಕೊಟ್ಟಿದ್ದೀಯ, ಮುಂದಕ್ಕೆ ಬರೋ ಹಾಗೆ ಮಾಡು." ಇದರಲ್ಲೇ ಎರಡು ಮಾತಿವೆ ನೋಡಿ. ಬುದ್ಧಿ ಬೇರೆ, ಮುಂದಕ್ಕೆ ಬರುವುದು ಬೇರೆ. ಹೆತ್ತವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಪಕ್ಕದ ಮನೆಯ ಮಗು ಹಿಂದೆ ಬಿದ್ದಾಗ ಮಾತ್ರ "ಅವನು ಪಡೆದುಕೊಂಡು ಬಂದದ್ದೇ ಅಷ್ಟು" ಅಂದುಬಿಡುತ್ತೇವೆ!

1892ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಎಂಬ ಮಗು ಹುಟ್ಟಿತು. ಕಣ್ಣಿಲ್ಲ. ಅಣ್ಣನಿಗೂ ಕಣ್ಣಿಲ್ಲ. ಅಂಥ ಮಕ್ಕಳ ಹಣೆಯಲ್ಲಿ ಊರಿನವರು ಏನು ಓದುತ್ತಿದ್ದರು ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಹಾನಗಲ್ಲ ಕುಮಾರ ಸ್ವಾಮಿಗಳು ಆ ಮಕ್ಕಳ ಕಣ್ಣು ನೋಡಲಿಲ್ಲ, ಕಂಠ ಕೇಳಿದರು. ಕರೆದುಕೊಂಡು ಹೋದರು, ಅನ್ನ ಹಾಕಿದರು, ಗುರುಗಳನ್ನು ಹುಡುಕಿಕೊಟ್ಟರು. ಮಿರಜಿನ ನೀಲಕಂಠ ಬುವಾ ಹಿಂದೂಸ್ತಾನಿ ಕಲಿಸಿದರು. ಕರ್ನಾಟಕ ಸಂಗೀತವೂ ಕೈವಶವಾಯಿತು. ಆ ಗದಿಗೆಯ್ಯನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು.

ಇನ್ನೊಂದು ಕೇಳಿ. 1914ರಲ್ಲಿ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟಯ್ಯನಿಗೆ ಕೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಸಾಕಿದವರು ಸೋದರಮಾವ. ಮಾವನ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಹುಡುಗ ಅದರ ಮೇಲೆ ಬೆರಳಾಡಿಸುತ್ತಿದ್ದ. ಕೆಲವರ ಮನೆಯಲ್ಲಾದರೆ "ಮುರಿದು ಹಾಕೀಯ, ಬಿಡು" ಅಂತ ಎರಡೇಟು ಬೀಳುತ್ತಿತ್ತು. ಈ ಮಾವ ಹಾಗೆ ಮಾಡದೆ ಹುಡುಗನನ್ನು ಪಂಚಾಕ್ಷರಿ ಗವಾಯಿಗಳ ಬಳಿ ಬಿಟ್ಟು ಬಂದರು. ಆತ ಪುಟ್ಟರಾಜ ಗವಾಯಿಗಳಾದರು, 2010ರಲ್ಲಿ ಪದ್ಮಭೂಷಣ ಪಡೆದರು. ಅದೇ ವರ್ಷ ಲಿಂಗೈಕ್ಯರಾದರು. ಅವರ ಸಾಧನೆ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಹಾರ್ಮೋನಿಯಂ ಮಾತ್ರ ಮಾವನದು.

ಧಾರವಾಡ ಸೀಮೆಯಲ್ಲಿ ಇಷ್ಟೊಂದು ಗಾಯಕರು ಹೇಗೆ ಹುಟ್ಟಿದರು ಅಂತ ಕೇಳಿದರೆ "ನೀರಿನ ಗುಣ, ಮಣ್ಣಿನ ಗುಣ" ಅಂತಾರೆ. ಇದ್ದರೂ ಇರಬಹುದು. ಆದರೆ ರೈಲುದಾರಿಯ ಗುಣವೂ ಇದೆಯಲ್ಲ! ಮೈಸೂರು ಅರಮನೆಗೆ ಹೋಗಿಬರುವ ಉತ್ತರದ ಉಸ್ತಾದರಿಗೆ ನಡುದಾರಿಯಲ್ಲಿ ಧಾರವಾಡ ಸಿಗುತ್ತಿತ್ತು, ಅಲ್ಲಿ ತಂಗುತ್ತಿದ್ದರು. ಅಬ್ದುಲ್ ಕರೀಂ ಖಾನರೂ ಹಾಗೆ ಬಂದವರೇ. ಅವರ ಶಿಷ್ಯರಾದ ಸವಾಯಿ ಗಂಧರ್ವರು ನಾಟಕ ಕಂಪನಿಯ ತಿರುಗಾಟ ಬಿಟ್ಟು ತಮ್ಮ ಊರು ಕುಂದಗೋಳದಲ್ಲಿ ನೆಲೆಸಿದ್ದರಿಂದಲೇ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಕಲಿಯಲು ಆಯಿತು. ಗುರು ದೂರದಲ್ಲೇ ಉಳಿದಿದ್ದರೆ? ಆ ಕಾಲದ ಹೆಣ್ಣುಮಗಳು ಎಷ್ಟು ದೂರ ಹೋದಾಳು?

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ ಗಾದೆ. ಗಾದೆ ಸುಳ್ಳಲ್ಲ. ಆದರೆ ಆ ಮೊಳಕೆಯನ್ನು ಆಡು ಮೇಯದಂತೆ ಕಾದವರು ಯಾರು ಎಂಬುದನ್ನು ಗಾದೆ ಹೇಳುವುದಿಲ್ಲ. ಕಾಡಶೆಟ್ಟಿಹಳ್ಳಿಯ ಆಚೆ ಊರಿನಲ್ಲೂ ಒಂದು ಕುರುಡು ಕೂಸು ಇದ್ದಿರಬಹುದು. ಕಂಠವೂ ಇದ್ದಿರಬಹುದು. ಆ ಊರಿಗೆ ಯಾವ ಸ್ವಾಮಿಗಳೂ ಬರಲಿಲ್ಲ. ಆ ಕೂಸಿನ ಹೆಸರನ್ನು ಈ ಪುಸ್ತಕದಲ್ಲಿ ಅಚ್ಚು ಹಾಕೋಣವೆಂದರೆ ಯಾರಿಗೂ ಗೊತ್ತಿಲ್ಲ. ಅದಕ್ಕೆ ಪುಣ್ಯ ಕಡಿಮೆಯಿತ್ತು ಅನ್ನುವವರು, ಪುಣ್ಯದ ಲೆಕ್ಕ ಬರೆಯುವ ಕೆಲಸ ತಮಗೆ ಯಾರು ಕೊಟ್ಟರು ಅಂತ ಮೊದಲು ಹೇಳಲಿ. ಹಣೆಬರಹ ಓದಲು ಬಾರದವರು ಬೇರೆಯವರ ಹಣೆ ಯಾಕೆ ನೋಡಬೇಕು?

ಕುಮಾರ ಸ್ವಾಮಿಗಳು ಹಾಗೆ ಓದುತ್ತಾ ಕೂರಲಿಲ್ಲ. ಪಂಚಾಕ್ಷರಿ ಗವಾಯಿಗಳೂ ಅಷ್ಟೇ. ಅಂಧ ಮಕ್ಕಳನ್ನು, ಬಡ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ತಿರುಗುತ್ತಲೇ ಪಾಠ ಹೇಳಿದರು. ಕೊನೆಗೆ ಗದಗಿನಲ್ಲಿ ನೆಲೆ ಸಿಕ್ಕಿತು, ಅದೇ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಗುರುಗಳು ಹೋದ ಮೇಲೆ ಆ ಭಾರ ಪುಟ್ಟರಾಜರ ಹೆಗಲಿಗೆ ಬಂತು. ಅಷ್ಟು ಮಕ್ಕಳ ಊಟಕ್ಕೆ ದುಡ್ಡು ಎಲ್ಲಿಂದ ಬರಬೇಕು? ಅವರು ನಾಟಕ ಕಂಪನಿ ಕಟ್ಟಿದರು. ಕಣ್ಣಿಲ್ಲದ ಸ್ವಾಮಿಗಳು ನಾಟಕ ಬರೆದರು, ಆಡಿಸಿದರು. ಟಿಕೆಟ್ಟಿನ ದುಡ್ಡು ಮಕ್ಕಳ ಅನ್ನಕ್ಕೆ ಹೋಯಿತು.