ನೆರೆಯವರ ಜೀವ, ಪ್ಲಂಬರನ ಸಹಿ

ಯಾವ ತಪ್ಪೂ ಮಾಡದ, ಅನುಮಾನಕ್ಕೂ ಎಡೆಗೊಡದ ಕಟ್ಟಡದ ಮಾಲೀಕನನ್ನು ತಪಾಸಣೆಗೆ ಒಳಪಡಿಸಲು ನಗರಕ್ಕೆ ಯಾವ ಹಕ್ಕಿದೆ? ನ್ಯೂಯಾರ್ಕ್ ನಗರದ ಗ್ಯಾಸ್ ನಿಯಮಗಳ ಬುಡದಲ್ಲಿರುವ ನೈತಿಕ ಪ್ರಶ್ನೆ ಇದು. 2016ರ 152ನೇ ಸ್ಥಳೀಯ ಕಾನೂನಿನಂತೆ, ಒಂದೆರಡು ಕುಟುಂಬಗಳ ಮನೆಗಳನ್ನು ಬಿಟ್ಟು ಉಳಿದ ಕಟ್ಟಡಗಳ ಗ್ಯಾಸ್ ಪೈಪುಗಳನ್ನು ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಅದೇ ವರ್ಷದ 150ನೇ ಕಾನೂನು ಆ ಪೈಪುಗಳಿಗೆ ಯಾರು ಕೈ ಹಾಕಬಹುದೆಂದು ಗೊತ್ತುಮಾಡಿತು: ಲೈಸೆನ್ಸ್ ಇರುವ ಮಾಸ್ಟರ್ ಪ್ಲಂಬರ್, ಇಲ್ಲವೇ ಅವನ ಉಸ್ತುವಾರಿಯಲ್ಲಿ ದುಡಿಯುವ, ಗ್ಯಾಸ್ ಕೆಲಸಕ್ಕೆಂದೇ ಅರ್ಹತೆ ಪಡೆದವರು.

ಈ ಪ್ರಶ್ನೆಗೆ ಹಳೆಯ ಉತ್ತರವೊಂದು ಆಡಮ್ ಸ್ಮಿತ್‌ನಲ್ಲಿದೆ. ಬೆಂಕಿ ಹರಡದಂತೆ ಮನೆಗಳ ನಡುವೆ ಗೋಡೆ ಕಟ್ಟಲೇಬೇಕೆಂಬ ಕಟ್ಟಳೆ ಸಹಜ ಸ್ವಾತಂತ್ರ್ಯಕ್ಕೆ ಅಡ್ಡಿಯೇ ಎಂದು 1776ರ ‘ವೆಲ್ತ್ ಆಫ್ ನೇಷನ್ಸ್’ನಲ್ಲಿ ಆತ ಒಪ್ಪುತ್ತಾನೆ. ಆದರೆ ಕೆಲವರ ಸ್ವಾತಂತ್ರ್ಯ ಇಡೀ ಸಮಾಜಕ್ಕೆ ಕುತ್ತಾಗುವಲ್ಲಿ ಅದನ್ನು ತಡೆಯುವುದು ಸರಿ ಎನ್ನುತ್ತಾನೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ರಕರಣವೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲಿ ನಡುದಾರಿ ಹಿಡಿಯಿತು: ಮನೆಯವರು ಒಪ್ಪದಿದ್ದರೆ ವಸತಿ ತಪಾಸಣೆಗೂ ವಾರಂಟ್ ಬೇಕು, ಆದರೆ ಅದನ್ನು ಪಡೆಯಲು ಆ ಮನೆಯ ಮೇಲೇ ಅನುಮಾನ ಇರಬೇಕಿಲ್ಲ. ನ್ಯೂಯಾರ್ಕಿನ ನಿಯಮವೂ ಇಂಥದೇ ಸಂಕೋಚ ತೋರುತ್ತದೆ. ಪ್ಲಂಬರ್ ಗ್ಯಾಸ್ ಪತ್ತೆಯಂತ್ರ ಹಿಡಿದು ನೆಲಮಾಳಿಗೆ, ಬಾಯ್ಲರ್ ಕೋಣೆ, ಕಾರಿಡಾರುಗಳಲ್ಲಿ ಕಣ್ಣಿಗೆ ಕಾಣುವ ಪೈಪಿನ ಜಾಡು ಹಿಡಿದು ಹೋಗುತ್ತಾನೆ; ಬಾಡಿಗೆದಾರರ ಬಾಗಿಲ ಬಳಿ ನಿಲ್ಲುತ್ತಾನೆ.

ಲೈಸೆನ್ಸಿನ ವಿಷಯ ಇಷ್ಟು ಸಲೀಸಲ್ಲ. ಕಡ್ಡಾಯ ಗೋಡೆಯನ್ನು ಒಪ್ಪಿದ ಅದೇ ಸ್ಮಿತ್ ವೃತ್ತಿಸಂಘಗಳ ಏಕಸ್ವಾಮ್ಯವನ್ನು ಕಟುವಾಗಿ ಟೀಕಿಸಿದ. 1962ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಆ ವಾದವನ್ನು ವೈದ್ಯರ ಲೈಸೆನ್ಸಿನವರೆಗೂ ಒಯ್ದ. ಗಿರಾಕಿಯ ರಕ್ಷಣೆ ಎಂಬ ಹೆಸರಿನಲ್ಲಿ ಒಳಗಿರುವವರು ಹೊರಗಿನವರಿಗೆ ಬಾಗಿಲು ಮುಚ್ಚುತ್ತಾರೆ ಎಂಬ ಈ ದೂರಿನಲ್ಲಿ ಹುರುಳಿದೆ. ಆದರೆ ಗ್ಯಾಸ್ ಕೆಲಸದಲ್ಲಿ ಪೆಟ್ಟು ತಿನ್ನುವವನು ಗಿರಾಕಿಯೊಬ್ಬನೇ ಅಲ್ಲ, ಪಕ್ಕದ ಕಟ್ಟಡದವನೂ ಹೌದು. ಪ್ಲಂಬರನನ್ನು ಆರಿಸಿದ್ದು ಅವನಲ್ಲ, ದರ ಚೌಕಾಸಿ ಮಾಡಿದ್ದೂ ಅವನಲ್ಲ.

ಇದು ಪುಸ್ತಕದ ಮಾತಷ್ಟೇ ಅಲ್ಲ. 2015ರ ಮಾರ್ಚ್ 26ರಂದು ನ್ಯೂಯಾರ್ಕಿನ ಈಸ್ಟ್ ವಿಲೇಜ್‌ನ ಸೆಕೆಂಡ್ ಅವೆನ್ಯೂದಲ್ಲಿ ಕಟ್ಟಡವೊಂದು ಸ್ಫೋಟಿಸಿ, ಬೆಂಕಿಗೆ ಮೂರು ಕಟ್ಟಡಗಳು ಉರುಳಿದವು; ಇಬ್ಬರು ಸತ್ತರು. ಪಕ್ಕದ ಕಟ್ಟಡದಿಂದ ಕದ್ದು ಗ್ಯಾಸ್ ಎಳೆಯಲಾಗಿತ್ತು. ಕೆಲಸ ಮಾಡಿದವನಿಗೆ ಲೈಸೆನ್ಸ್ ಇರಲಿಲ್ಲ. ಲೈಸೆನ್ಸ್ ಇದ್ದ ಇನ್ನೊಬ್ಬ ತನ್ನ ಹೆಸರನ್ನು ಬಳಸಲು ಬಿಟ್ಟಿದ್ದ. ಕಟ್ಟಡದ ಮಾಲಕಿ, ಗುತ್ತಿಗೆದಾರ ಮತ್ತು ಲೈಸೆನ್ಸ್ ಇಲ್ಲದ ಆ ಪ್ಲಂಬರ್ ನರಹತ್ಯೆಯ ಅಪರಾಧಿಗಳೆಂದು 2019ರ ನವೆಂಬರಿನಲ್ಲಿ ತೀರ್ಪಾಯಿತು. ಲೈಸೆನ್ಸ್ ಎಂದರೆ ಕೈಚಳಕದ ಪ್ರಮಾಣಪತ್ರ ಮಾತ್ರವಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಅಕ್ರಮ ಪೈಪು ಜೋಡಿಸಿದವನಿಗೂ ಕೆಲಸ ಗೊತ್ತಿದ್ದಿರಬಹುದು. ಆದರೆ ಆ ಕೆಲಸಕ್ಕೆ ತಮ್ಮ ಹೆಸರಿನಲ್ಲಿ ಜವಾಬು ಹೇಳುವವರು ಯಾರೂ ಇರಲಿಲ್ಲ. ಬಾಡಿಗೆಗೆ ಕೊಟ್ಟ ಸಹಿ ಸಹಿಯೇ ಅಲ್ಲ.

ಅಂಥದೇ ಕಳ್ಳ ಜೋಡಣೆ ಮಾಡಿಯೂ ಏನೂ ಆಗದೆ ಪಾರಾದವನ ತಪ್ಪು ಕಡಿಮೆಯೇ? ತತ್ವಜ್ಞಾನಿಗಳಾದ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ ಎತ್ತಿದ ‘ನೈತಿಕ ಅದೃಷ್ಟ’ದ ಒಗಟು ಇದು. ಕ್ರಿಮಿನಲ್ ಕಾನೂನು ಬಹುಮಟ್ಟಿಗೆ ಫಲವನ್ನು ನೋಡಿ ಶಿಕ್ಷೆಯ ತೂಕ ಗೊತ್ತುಮಾಡುತ್ತದೆ. ತಪಾಸಣೆಗೆ ಫಲದ ಗೊಡವೆಯಿಲ್ಲ. ಸೋರುವ ಪೈಪು ಸಿಕ್ಕರೆ ಅದೃಷ್ಟವಂತನೂ ಅದನ್ನು ದುರಸ್ತಿ ಮಾಡಿಸಲೇಬೇಕು. ನ್ಯಾಯದ ದೃಷ್ಟಿಯಿಂದ ಇದೇ ಹೆಚ್ಚು ಸಮಂಜಸ.

ಆದರೂ ಮಾಲೀಕ ಮತ್ತು ಪ್ಲಂಬರರ ಹೊಣೆಯಲ್ಲೇ ವಿಷಯ ಮುಗಿಯುವುದಿಲ್ಲ. 2014ರ ಮಾರ್ಚ್ 12ರಂದು ಈಸ್ಟ್ ಹಾರ್ಲೆಮ್‌ನಲ್ಲಿ ಎಂಟು ಮಂದಿಯನ್ನು ಬಲಿ ತೆಗೆದುಕೊಂಡ ಸ್ಫೋಟಕ್ಕೆ ಕಾರಣ ಬೀದಿಯಡಿ ಇತ್ತು. ಗ್ಯಾಸ್ ಕಂಪನಿಯ ಪ್ಲಾಸ್ಟಿಕ್ ಪೈಪಿನ ಬೆಸುಗೆಯಲ್ಲಿ ದೋಷವಿತ್ತು. ನಗರದ್ದೇ ಆದ ಒಡೆದ ಒಳಚರಂಡಿ ದುರಸ್ತಿಯಾಗದೆ ಉಳಿದಿತ್ತು. ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಎರಡನ್ನೂ ಎತ್ತಿ ತೋರಿಸಿತು. 152ನೇ ಕಾನೂನಿನ ತಪಾಸಣೆ ಶುರುವಾಗುವುದು ಪೈಪು ಕಟ್ಟಡದೊಳಗೆ ಬರುವ ಜಾಗದಿಂದ.